ವೀರಣ್ಣನವರ ಫೋನಿಗೆ ಬರುವ ಆರು ಅಂಕಿಗಳ ಕುರಿತು

ಇಂದ:
ಗೌರಾದೇವಿ,
ಸಾಫ್ಟ್‌ವೇರ್ ಲೆಕ್ಕದ ವಿಭಾಗ (ವಿಭಾಗದಲ್ಲಿ ಸದ್ಯ ಉಳಿದಿರುವವರ ಒಟ್ಟು ಸಂಖ್ಯೆ: ಒಂದು),
ಎರಡನೇ ಮಹಡಿ, ಕೆಟ್ಟ ಪ್ರಿಂಟರಿನ ಪಕ್ಕ, ರೆಡ್ಮಂಡ್ ಕಚೇರಿ, ಅಮೆರಿಕ.
ವಾಸ: ಡುವಾಲ್.

ಗೆ:
ಶ್ರೀ ಚಂದ್ರಮೌಳಿಯವರು,
ಉಪಾಧ್ಯಕ್ಷರು, ಖರ್ಚು ಕಡಿತ ಮತ್ತು ಮುನ್ನೋಟ,
ಐದನೇ ಮಹಡಿ, ಮೋಡವಿಲ್ಲದ ದಿನ ಹಿಮದ ಬೆಟ್ಟ ಕಾಣುವ ಕೋಣೆ, ರೆಡ್ಮಂಡ್ ಕಚೇರಿ.
ವಾಸ: ಮರ್ಸರ್ ಐಲ್ಯಾಂಡ್.

ದಿನಾಂಕ: 25 ಮಾರ್ಚ್ 2026, ಬುಧವಾರ

ವಿಷಯ: ಕಂಪನಿ ಕೊಂಡಿರುವ ಸಾಫ್ಟ್‌ವೇರುಗಳನ್ನು ಎಣಿಸಿ ಕಾಯುವ ಕೆಲಸಕ್ಕೆ ಹಣ ತೊಡಗಿಸುವಂತೆ, ಹಾಗೂ ಆ ಕೆಲಸಕ್ಕೆ ಶ್ರೀ ವೀರಣ್ಣನವರನ್ನು ಮರಳಿ ಕರೆಯುವಂತೆ ಕೋರಿ ನಾಲ್ಕನೆಯ ಅರ್ಜಿ.

ಉಲ್ಲೇಖ:
1. ಅರ್ಜಿದಾರಳ ಮೊದಲ ಅರ್ಜಿ, ಹಾಗೂ ಅದಕ್ಕೆ ತಮ್ಮ ಉತ್ತರ (ಹೆಬ್ಬೆರಳಿನ ಚಿತ್ರ, ಒಂದು).
2. ಎರಡನೆಯ ಅರ್ಜಿ, ಹಾಗೂ ಅದಕ್ಕೆ ತಮ್ಮ ಉತ್ತರ ("ಇದರಿಂದ ಏನು ಬರುತ್ತೆ?").
3. ಮೂರನೆಯ ಅರ್ಜಿ, ಹಾಗೂ ಅದಕ್ಕೆ ತಮ್ಮ ಉತ್ತರ (ಸಲಹೆಗಾರ ಶಶಾಂಕ್ ಅವರು).
4. ಕಂಪನಿ ಬಿಟ್ಟವರ ಖಾತೆಗಳನ್ನೆಲ್ಲ ಅಳಿಸುವಂತೆ ಸೋಮವಾರ, 23ನೇ ತಾರೀಕು, ತಾವು ಹೊರಡಿಸಿದ ಆದೇಶ.

ಮಾನ್ಯರೇ,

ಹಿಂದಿನ ಮೂರು ಅರ್ಜಿಗಳನ್ನು ಅರ್ಜಿದಾರಳು ಇಂಗ್ಲಿಷಿನಲ್ಲಿ, ಸ್ಲೈಡುಗಳ ಮೇಲೆ, ಬಣ್ಣದ ಬಾಣಗಳ ಸಮೇತ ಸಲ್ಲಿಸಿದ್ದಳು. ಮೂರನೆಯದನ್ನು ನೋಡಿದ ಮೇಲೆ ವುಡಿನ್‌ವಿಲ್ಲಿನ ಶುಕ್ರವಾರದ ಭಜನೆಯಲ್ಲಿ, ಪ್ರಸಾದದ ಸಾಲಿನಲ್ಲಿ ನಿಂತು, ತಾವು ದಯಮಾಡಿ ಹೀಗೆ ಹೇಳಿದಿರಿ: "ಗೌರಾ ಅವ್ರೇ, ನಿಮ್ಮ ಬಿಸಿನೆಸ್ ಕೇಸ್‌ನಲ್ಲಿ ನಂಬರ್ ಇದೆ, ಸ್ಟೋರಿ ಇಲ್ಲ. ಮೇಲಿನೋರಿಗೆ ಸ್ಟೋರಿ ಬೇಕು. ಊರಲ್ಲಿ ಕಟ್ಟೆ ಮೇಲೆ ಕೂತು ಹೇಳ್ತಿದ್ರಲ್ಲ, ಆ ಥರ." ಅದಕ್ಕೂ ಮೊದಲು, ರಾಜ್ಯೋತ್ಸವದ ವೇದಿಕೆಯಲ್ಲಿ, ಕನ್ನಡವೇ ತಮ್ಮ ಹೃದಯದ ಭಾಷೆ ಎಂದು ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಭಾಷಣ ಮಾಡಿದ್ದಿರಿ. ಆದ್ದರಿಂದ ಈ ಅರ್ಜಿ ಕನ್ನಡದಲ್ಲಿದೆ, ಇದರಲ್ಲಿ ಕತೆಯೂ ಇದೆ. ತಿಳಿಯದ ಕಡೆಗಳಲ್ಲಿ ತಮ್ಮ ಹೃದಯವನ್ನು ವಿಚಾರಿಸಿಕೊಳ್ಳಬೇಕಾಗಿ ಕೋರಿಕೆ.

1. ಮೊದಲಿಗೆ, ಕೆಲಸ ಯಾವುದೆಂಬುದು. ಕಂಪನಿ ಯಾವ ಯಾವ ಸಾಫ್ಟ್‌ವೇರ್ ಕೊಂಡಿದೆ, ಅದನ್ನು ಯಾರು ಬಳಸುತ್ತಿದ್ದಾರೆ, ಯಾರು ಬಿಟ್ಟು ಹೋದರು, ಯಾವುದಕ್ಕೆ ಸುಮ್ಮನೆ ವರ್ಷ ವರ್ಷ ಬಾಡಿಗೆ ಹೋಗುತ್ತಿದೆ ಎಂಬುದನ್ನು ಎಣಿಸಿ, ಬರೆದಿಟ್ಟು, ಕಾಯುವುದು. ತಾವು ಇದನ್ನು ಗುಮಾಸ್ತರ ಕೆಲಸವೆಂದು ಕರೆದಿದ್ದೀರಿ. ಅರ್ಜಿದಾರಳು ಅಲ್ಲಗಳೆಯುವುದಿಲ್ಲ. ಕಣಜಕ್ಕೆ ಬಾಗಿಲಿಡುವುದು ಬಡಗಿಯ ಕೆಲಸ. ಬಾಗಿಲು ಬೇಡವೆಂದರೆ ಮಿಕ್ಕ ಕೆಲಸವನ್ನು ಇಲಿ ಮಾಡುತ್ತದೆ.

2. ಈಗ ತಾವು ಕೇಳಿದ ಕತೆ. ಕುಷ್ಟಗಿ ಕಡೆಯ ಅರ್ಜಿದಾರಳ ಊರಿನಲ್ಲಿ ಕಲ್ಮೇಶ್ವರನ ಗುಡಿಗೆ ಸೇರಿದ ಪಾತ್ರೆಗಳ ಕೋಣೆಯೊಂದಿತ್ತು. ಆರು ಕೊಪ್ಪರಿಗೆ, ಹನ್ನೆರಡು ಹಂಡೆ, ಪರಾತ, ಸೌಟು. ಮದುವೆಯಿರಲಿ ತಿಥಿಯಿರಲಿ, ಊರವರು ಒಯ್ಯುವುದು, ತೊಳೆದು ತಂದಿಡುವುದು. ಆ ಕೋಣೆಯ ಕೀಲಿ ಬಸಲಿಂಗವ್ವ ಎಂಬಾಕೆಯ ಸೊಂಟದಲ್ಲಿರುತ್ತಿತ್ತು. ಆಕೆಗೆ ಅಕ್ಷರ ಬಾರದು. ಪಾತ್ರೆ ಒಯ್ಯಲು ಬಂದವರು ಗೌಡರಾಗಲಿ ಆಳಾಗಲಿ, ದೇವರೆದುರು ನಿಲ್ಲಿಸಿ, "ಏನೇನ ಒಯ್ಯಾಕತ್ತಿ, ಬಾಯಿ ಬಿಟ್ಟು ಹೇಳು. ನಾ ಕೇಳಿದರ ಸಾಲೂದಿಲ್ಲ, ಅಂವ ಕೇಳಬೇಕು" ಎನ್ನುವಳು. ಅವರು ಹೇಳಿದಷ್ಟಕ್ಕೆ ಗೂಡಿನಲ್ಲಿ ಹುಣಸೆ ಬೀಜ ಇಡುವಳು. ಪಾತ್ರೆ ಬಂದಾಗ ಬೀಜ ತೆಗೆಯುವಳು. ಇಷ್ಟೇ ಆಕೆಯ ವಿದ್ಯೆ. ನಲವತ್ತು ವರ್ಷ ಒಂದು ಸೌಟು ಕಳೆಯಲಿಲ್ಲ.

ಒಂದು ವರ್ಷ ಊರಿನಲ್ಲಿ ಹೊಸ ಹಿರಿಯರಾದರು. "ಪಾತ್ರಿ ಎಣಸಾಕ ಒಬ್ಬಾಕಿ ಬೇಕೇನು? ಪಾತ್ರಿಗೇನ ಕಾಲು ಬಂದಾವು, ಓಡಿ ಹೋಗಾಕ?" ಎಂದು ನಕ್ಕು, ಆಕೆಗೆ ಗುಡಿಯಿಂದ ಸಲ್ಲುತ್ತಿದ್ದ ದಿನಕ್ಕೊಂದು ಸೇರು ಜೋಳವನ್ನು ಉಳಿತಾಯ ಮಾಡಿದರು. ಬಸಲಿಂಗವ್ವ ಕೀಲಿಯನ್ನು ನಂದಿಯ ಕೊಂಬಿಗೆ ಸಿಕ್ಕಿಸಿ ಮನೆಗೆ ಹೋದಳು. ಮೂರನೆಯ ಶ್ರಾವಣಕ್ಕೆ ಪ್ರಸಾದ ಬೇಯಿಸಲು ಕೋಣೆಯಲ್ಲಿ ಪಾತ್ರೆಯೇ ಇಲ್ಲ. ಹಿರಿಯರು ಗಾಡಿ ಕಟ್ಟಿಕೊಂಡು ಹೋಗಿ ಪಕ್ಕದ ಊರಿನಿಂದ ನಾಲ್ಕು ಕೊಪ್ಪರಿಗೆ ಬಾಡಿಗೆಗೆ ತಂದರು. ಹೆಂಗಸರು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಂತೆ ಮಸಿಯ ಅಡಿಯಿಂದ ಅಕ್ಷರಗಳೆದ್ದವು: ಶ್ರೀ ಕಲ್ಮೇಶ್ವರ ಪ್ರಸನ್ನ.

ಆ ವರ್ಷ ದೇವರು ತನ್ನ ಪಾತ್ರೆಗೆ ತಾನೇ ಬಾಡಿಗೆ ಕೊಟ್ಟ.

ಮಾನ್ಯರೇ, ನಮ್ಮ ಕಂಪನಿಯ ಮೂರನೇ ಮಹಡಿಯವರು ನಕ್ಷೆ ಬಿಡಿಸುವ ಸಾಫ್ಟ್‌ವೇರೊಂದನ್ನು ಎಂಟುನೂರು ಜನಕ್ಕಾಗುವಷ್ಟು ಕೊಂಡು, ಇನ್ನೂರು ಜನ ಬಳಸಿ, ಮಿಕ್ಕದ್ದನ್ನು ಮರೆತರು. ನಾಲ್ಕನೇ ಮಹಡಿಯವರು ಅದೇ ಸಾಫ್ಟ್‌ವೇರನ್ನು ಅದೇ ಅಂಗಡಿಯಿಂದ ಮತ್ತೆ ಕೊಂಡರು. ಕೊಂಡ ಖುಷಿಗೆ ಕೇಕು ಕತ್ತರಿಸಿದರು. ಆ ಕೇಕು ಅರ್ಜಿದಾರಳಿಗೂ ಬಂತು. ಮೊಟ್ಟೆ ಇದ್ದ ಕಾರಣ ತಿನ್ನಲಿಲ್ಲ.

3. ವೀರಣ್ಣನವರು ಯಾರೆಂಬುದನ್ನು ತಾವು ಮರೆತಿರಬಹುದು. ಗಜೇಂದ್ರಗಡದವರು. ಒಂಬತ್ತು ವರ್ಷ ಈ ಕಂಪನಿಯ ಬಸಲಿಂಗವ್ವ ಆಗಿದ್ದವರು. ಯಾರಿಗೆ ಯಾವ ಸಾಫ್ಟ್‌ವೇರ್ ಬೇಕಾದರೂ ಅವರ ಮೇಜಿನ ಬಳಿ ಬಂದು, ಏಕೆ ಬೇಕು, ಎಷ್ಟು ದಿನಕ್ಕೆ ಬೇಕು ಎಂದು ಬಾಯಿ ಬಿಟ್ಟು ಹೇಳಬೇಕಿತ್ತು. ಜನ ನಗುತ್ತಿದ್ದರು, ಆದರೆ ಹೇಳುತ್ತಿದ್ದರು.

ಕಂಪನಿಯಲ್ಲಿ ಹನ್ನೊಂದೇ ಜನರಿದ್ದ ಕಾಲದಲ್ಲಿ, ಕೊಳ್ಳುವ ಪ್ರತಿಯೊಂದಕ್ಕೂ ಯಾರದಾದರೂ ಒಬ್ಬರ ಹೆಸರು, ಒಬ್ಬರ ಫೋನ್ ನಂಬರು ಕೊಡಬೇಕಾಗಿ ಬಂತು. ಆಗ ತಾವೇ ಹೇಳಿದ್ದು: "ಸದ್ಯಕ್ಕೆ ವೀರಣ್ಣನ ಹೆಸರಲ್ಲಿ ಹಾಕ್ಬಿಡಿ, ಆಮೇಲೆ ನೋಡ್ಕೊಳ್ಳೋಣ." ನಮ್ಮ ಕಡೆ ಮನೆಯ ಕರೆಂಟ್ ಮೀಟರು ಇಂದಿಗೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ. ಬಿಲ್ಲು ಅಜ್ಜನಿಗೆ ಬರುತ್ತದೆ, ಮೊಮ್ಮಕ್ಕಳು ಫ್ಯಾನಿನಡಿ ಮಲಗುತ್ತಾರೆ. ಬದಲಾಯಿಸೋಣ ಎಂದರೆ "ಆಮೇಲೆ" ಎನ್ನುತ್ತಾರೆ. ಸದರಿ "ಆಮೇಲೆ"ಯನ್ನು ತಾವು ಊರಿನಿಂದ ಜೋಪಾನವಾಗಿ ತಂದು ಇಲ್ಲಿ ನೆಟ್ಟಿರಿ. ಈಗ ಕಂಪನಿಯ ಅರವತ್ತಮೂರು ಸಾಫ್ಟ್‌ವೇರುಗಳ ಪೈಕಿ ನಲವತ್ತೊಂದು ವೀರಣ್ಣನವರ ಹೆಸರಿನಲ್ಲಿವೆ.

4. ಎರಡನೆಯ ಅರ್ಜಿಯ ದಿನ ತಮ್ಮ ಕೋಣೆಯಲ್ಲಿ ನಡೆದ ಸಂಭಾಷಣೆಯನ್ನು ದಾಖಲೆಗಾಗಿ ಇಲ್ಲಿ ಬರೆದಿದೆ.

"ಇದಕ್ಕೆ ಹಣ ಹಾಕಿದ್ರೆ ಏನು ಬರುತ್ತೆ ವೀರಣ್ಣ?"

"ಬರೂದಿಲ್ಲ ಸರ್, ಹೋಗೂದು ನಿಲ್ಲತೈತಿ."

"ಹೋಗೋದು ನಿಲ್ಲೋದನ್ನ ಸ್ಲೈಡಲ್ಲಿ ಹೇಗೆ ತೋರಿಸ್ತೀರಾ? ಬಾಣ ಮೇಲಕ್ಕೆ ಹೋಗ್ಬೇಕಲ್ರೀ."

"ತೂತು ಮುಚ್ಚಿದ ಕೊಡಾ ತೋರಸ್ಲೇನ್ರಿ?"

ತಾವು ನಕ್ಕಿರಿ. ವೀರಣ್ಣನವರೂ ನಕ್ಕರು. ಅರ್ಜಿದಾರಳು ನಗಲಿಲ್ಲ, ಕೊಡ ಯಾರ ತಲೆಯ ಮೇಲೆ ಇಳಿಯುತ್ತದೆಂದು ಆಕೆಗೆ ಆಗಲೇ ಅನುಮಾನ ಬಂದಿತ್ತು.

5. ಮೂರನೆಯ ಅರ್ಜಿಗೆ ಉತ್ತರವಾಗಿ ಸಲಹೆಗಾರ ಶಶಾಂಕ್ ಅವರು ಬಂದರು. ಒಳ್ಳೆಯ ಮನೆತನದ ಹುಡುಗ. ತೋಳಿಲ್ಲದ ಕೋಟು ಹಾಕಿಕೊಂಡು ಆರು ವಾರ ಕೂತರು. ವೀರಣ್ಣನವರು ಒಂಬತ್ತು ವರ್ಷದಲ್ಲಿ ಬರೆದಿಟ್ಟ ಪಟ್ಟಿಗಳನ್ನೆಲ್ಲ ಅವರಿಂದಲೇ ಕೇಳಿ ಪಡೆದರು, ಅವರ ಡಬ್ಬಿಯ ಜೋಳದ ರೊಟ್ಟಿಯನ್ನೂ ತಿಂದರು. ಕೊನೆಗೆ ನಲವತ್ತು ಪುಟಗಳ ವರದಿ ಕೊಟ್ಟರು. ಅದರ ಸಾರಾಂಶ: ಎಣಿಸುವ ಕೆಲಸದಲ್ಲಿ ಅತಿ ದೊಡ್ಡ ಖರ್ಚೆಂದರೆ ಎಣಿಸುವವನು. ಅವನನ್ನು ತೆಗೆದರೆ ಖರ್ಚು ನಿಲ್ಲುತ್ತದೆ.

ವರದಿಯ ಪ್ರತಿ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, "ಈ ದಾಖಲೆಯನ್ನು ಸಿದ್ಧಪಡಿಸಿದವರು: ವೀರಣ್ಣ" ಎಂದಿದೆ. ಶಶಾಂಕ್ ಅವರು ವರದಿ ಬರೆಯಲು ಬಳಸಿದ ಸಾಫ್ಟ್‌ವೇರೂ ವೀರಣ್ಣನವರ ಹೆಸರಿನದೇ ಆದ ಕಾರಣ ಹೀಗಾಗಿದೆ. ಆದ್ದರಿಂದ ಕಡತಗಳ ಪ್ರಕಾರ ವೀರಣ್ಣನವರು ತಮ್ಮನ್ನು ತಾವೇ ತೆಗೆದುಹಾಕಿಕೊಂಡಿದ್ದಾರೆ. ತಮ್ಮ ಆತ್ಮಸಾಕ್ಷಿಗೆ ಇದರಿಂದ ಅನುಕೂಲವಾದೀತೆಂದು ಅರ್ಜಿದಾರಳು ಗಮನಕ್ಕೆ ತಂದಿರುತ್ತಾಳೆ.

6. ಫೆಬ್ರವರಿ ಹತ್ತು, ಮಂಗಳವಾರ, ಏಳು ನಿಮಿಷದ ವಿಡಿಯೋ ಕಾಲಿನಲ್ಲಿ ವೀರಣ್ಣನವರ ಕೆಲಸ ಹೋಯಿತು. ಆ ಏಳರಲ್ಲಿ ಮೂರು ನಿಮಿಷ ತಮ್ಮ ಮೈಕು ಬಂದ್ ಆಗಿತ್ತು. ಹಸಿರು ಕಾರ್ಡಿನ, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿಯ, ಸಾಲಿನಲ್ಲಿ ವರ್ಷಗಟ್ಟಲೆ ನಿಂತವರಿಗೆ ಕೆಲಸ ಹೋದ ಮೇಲೆ ಅರವತ್ತು ದಿನ. ಅಷ್ಟರೊಳಗೆ ಬೇರೆ ಕಂಪನಿ ಕೈ ಹಿಡಿಯಬೇಕು, ಇಲ್ಲವೇ ಹೆಂಡತಿ ತ್ರಿವೇಣಿ, ಹನ್ನೊಂದನೇ ಕ್ಲಾಸಿನ ಮಗಳು ಮೇಘನಾ ಸಮೇತ ದೇಶ ಬಿಡಬೇಕು. ಏಪ್ರಿಲ್ ಹನ್ನೊಂದಕ್ಕೆ ಅರವತ್ತು ತುಂಬುತ್ತದೆ. ಇಂದಿಗೆ ನಲವತ್ತಮೂರು ಕಳೆದಿವೆ.

ಆರು ವರ್ಷ ಅರ್ಜಿದಾರಳು ಮತ್ತು ವೀರಣ್ಣನವರು ಡುವಾಲಿನಿಂದ ಒಂದೇ ಕಾರಿನಲ್ಲಿ ಬರುತ್ತಿದ್ದರು. ಹೊಳೆ ಉಕ್ಕಿ ರಸ್ತೆ ಮುಚ್ಚಿದ ದಿನಗಳಲ್ಲಿ ಅವರು ಸುತ್ತುಬಳಸಿನ ದಾರಿಯುದ್ದಕ್ಕೂ ವಚನ ಹಾಡುತ್ತಿದ್ದರು. ಈಗ ಪಕ್ಕದ ಸೀಟಿನಲ್ಲಿ ಅರ್ಜಿದಾರಳ ಕೈಚೀಲ ಕೂರುತ್ತದೆ. ಇದು ಅರ್ಜಿಗೆ ಸಂಬಂಧಿಸಿದ್ದಲ್ಲ, ಆದರೂ ದಾಖಲಿಸಿದೆ.

7. ಇನ್ನು ವಿಷಯದ ತಿರುಳು. ವೀರಣ್ಣನವರು ಹೋದರು, ವೀರಣ್ಣನವರ ಖಾತೆ ಹೋಗಲಿಲ್ಲ. ಸದರಿ ನಲವತ್ತೊಂದು ಸಾಫ್ಟ್‌ವೇರುಗಳಲ್ಲಿ ಯಾವುದನ್ನಾದರೂ ಹೊಸದಾಗಿ ತೆರೆಯಬೇಕೆಂದರೆ ಆರು ಅಂಕಿಗಳ ಕೋಡು ಬರುತ್ತದೆ. ಅದು ಕಂಪನಿಗೆ ಬರುವುದಿಲ್ಲ. ಡುವಾಲಿನಲ್ಲಿ, ಕೆಲಸವಿಲ್ಲದೆ ಕೂತ ವೀರಣ್ಣನವರ ಜೇಬಿಗೆ ಬರುತ್ತದೆ. ಹೆಸರು ಬದಲಿಸಲು ಒಂದೊಂದಕ್ಕೆ ಮೂರು ವಾರದ ಪತ್ರವ್ಯವಹಾರ ಬೇಕು, ಅದಕ್ಕೆ ಜನ ಕೊಡಿ ಎಂದು ಮೂರನೆಯ ಅರ್ಜಿಯಲ್ಲೇ ಕೇಳಲಾಗಿತ್ತು. ಜನ ಕೊಡುವ ಬದಲು ಇದ್ದ ಜನವನ್ನು ತೆಗೆದಿರಿ. ಆದ ಕಾರಣ ಕಂಪನಿ ವೀರಣ್ಣನವರಿಗೆ ಫೋನು ಮಾಡುತ್ತದೆ. ತಾವೂ ಮಾಡುತ್ತೀರಿ. "ವೀರಣ್ಣ, ಹೇಗಿದೀರಾ? ಫ್ಯಾಮಿಲಿ ಎಲ್ಲಾ ಚೆನ್ನಾಗಿದಾರಾ? ಒಂದು ಕೋಡ್ ಬಂದಿರುತ್ತೆ, ನೋಡಿ." ಕುಶಲಪ್ರಶ್ನೆಗೆ ಉತ್ತರ ಬರುವ ಮೊದಲೇ ಕೋಡು ಬರೆದುಕೊಳ್ಳಲು ಪೆನ್ನು ಹುಡುಕುವ ಸದ್ದು ಕೇಳುತ್ತದಂತೆ.

ವೀರಣ್ಣನವರು ಕೊಡುತ್ತಾರೆ. ಸಂಬಳವಿಲ್ಲದೆ, ತರಕಾರಿ ಸಾಲಿನಲ್ಲಿ ನಿಂತು, ಕಾರನ್ನು ರಸ್ತೆಬದಿಗೆ ನಿಲ್ಲಿಸಿ ಕೊಡುತ್ತಾರೆ. ಬಸಲಿಂಗವ್ವನ ಕತೆಯನ್ನು ಅರ್ಜಿದಾರಳಿಂದ ಕೇಳಿದ್ದ ಅವರು, ಪ್ರತಿ ಕೋಡಿಗೂ ಒಂದು ಹುಣಸೆ ಬೀಜವನ್ನು ಖಾಲಿ ಕಾಫಿಪುಡಿ ಬಾಟಲಿಗೆ ಹಾಕುತ್ತಾ ಬಂದಿದ್ದಾರೆ. ನಿನ್ನೆ ಸಂಜೆಗೆ ತೊಂಬತ್ತೇಳು.

8. ಈ ತೊಂಬತ್ತೇಳರಲ್ಲಿ ಮೂರು ಬೀಜಗಳ ವಿಷಯ ಬೇರೆಯಾಗಿ ಹೇಳಬೇಕಿದೆ. ಮಾರ್ಚ್ ಹನ್ನೆರಡು, ಗುರುವಾರ, ವೀರಣ್ಣನವರಿಗೆ ಬೆಲ್‌ವ್ಯೂ ಊರಿನ ಒಂದು ಕಂಪನಿಯಲ್ಲಿ ಕೊನೆಯ ಸುತ್ತಿನ ಸಂದರ್ಶನವಿತ್ತು. ನಡುವೆ ಫೋನು ಮೂರು ಸಲ ಅರಚಿತು. ತಾವು ಮೇಲಿನವರ ಮುಂದೆ "ಈ ವರ್ಷದ ಉಳಿತಾಯ" ಎಂಬ ಸ್ಲೈಡು ತೆರೆಯಬೇಕಿತ್ತು. ಸ್ಲೈಡಿನ ಸಾಫ್ಟ್‌ವೇರ್ ಕೋಡು ಕೇಳಿತ್ತು. ವೀರಣ್ಣನವರು ಸಂದರ್ಶಕರ ಕ್ಷಮೆ ಕೇಳಿ ಮೂರು ಸಲವೂ ಕಳಿಸಿದರು. ಬೇರೆಲ್ಲೋ ಇನ್ನೂ ಕೆಲಸದಲ್ಲಿದ್ದೀರಾ ಎಂದು ಅವರು ಕೇಳಿದರು. ಇಲ್ಲ, ನನ್ನನ್ನು ತೆಗೆದವರೇ ಕರೆಯುತ್ತಿದ್ದಾರೆ ಎಂದು ಇವರು ನಿಜ ಹೇಳಿದರು. ಅಂಥ ನಿಜವನ್ನು ಯಾರು ನಂಬುತ್ತಾರೆ? ಕೆಲಸ ಸಿಗಲಿಲ್ಲ.

ಆ ಭಾನುವಾರ ಅವರ ಮನೆಯಲ್ಲಿ ನಡೆದ ಮಾತು:

"ಇನ್ನ ಕಳಸಬ್ಯಾಡ್ರಿ ಅಣ್ಣಾರ," ಎಂದಳು ಅರ್ಜಿದಾರಳು. "ಒಂದ ದಿನಾ ನಿಂತ್ರ ಬುದ್ಧಿ ಬರತೈತಿ ಅವರಿಗೆ."

"ಹಂಗಲ್ರಿ ಅಕ್ಕಾರ. ಕೋಡು ಹೋಗ್ಲಿಲ್ಲಂದ್ರ ಕೆಳಗಿನ ಹುಡುಗೂರ ಕೆಲಸ ನಿಲ್ಲತೈತಿ. ಸಾಹೇಬರದು ನಿಲ್ಲೂದಿಲ್ಲ. ಅದು ಯಾವಾಗ ನಡದಿತ್ತು, ನಿಲ್ಲಾಕ?"

ತ್ರಿವೇಣಿ ಒಲೆಯ ಕಡೆಯಿಂದ ತಿರುಗದೆ ಹೇಳಿದಳು: "ಹೊರಗ ಹಾಕಿದ ಮ್ಯಾಲೂ ಬಂದು ಅಂಗಳಾ ಕಸ ಹೊಡಿಯೋ ಸೊಸೀನ ಕತಿಯೊಳಗ ಕೇಳಿದ್ದೆ. ಗಂಡಸರೊಳಗೂ ಒಬ್ಬಾಂವ ಅದಾನಂತ ಇವತ್ತ ಗೊತ್ತಾತು."

ಮೇಘನಾ, "ಅಪ್ಪಾ, ಜಸ್ಟ್ ಬ್ಲಾಕ್ ದೆಮ್" ಎಂದಳು. ಅದೇ ಹೊತ್ತಿಗೆ ಫೋನು ಅರಚಿತು. ವೀರಣ್ಣನವರು ಕನ್ನಡಕ ಹುಡುಕಿದರು. ಮಗಳೇ ಕನ್ನಡಕ ತಂದು ಕೊಟ್ಟು, ಬಾಟಲಿಗೆ ಬೀಜ ಹಾಕಿ, ಬಾಗಿಲು ಹಾಕಿಕೊಂಡಳು.

9. ತಾವು ಲಾಭನಷ್ಟ ಕೇಳುವವರಾದ್ದರಿಂದ ಅದೂ ಇರಲಿ. ಕಳೆದ ಎರಡು ವರ್ಷದಲ್ಲಿ ಕಂಪನಿ ಬಿಟ್ಟ ನೂರಮೂವತ್ತೇಳು ಜನರ ಪಾಲಿನ ಸಾಫ್ಟ್‌ವೇರಿಗೆ ಇಂದಿಗೂ ಬಾಡಿಗೆ ಹೋಗುತ್ತಿದೆ. ಅದೊಂದನ್ನು ನಿಲ್ಲಿಸಿದರೆ, ಎಣಿಸುವ ಮೂವರ ಸಂಬಳ, ಎಣಿಸಲು ಬೇಕಾದ ಸಲಕರಣೆ, ಎಲ್ಲವೂ ಐದು ತಿಂಗಳಲ್ಲಿ ಹುಟ್ಟುತ್ತದೆ. ಆರನೆಯ ತಿಂಗಳಿಂದ ತಮ್ಮ ಬಾಣ ಮೇಲಕ್ಕೆ ಹೋಗುತ್ತದೆ. ಇದಲ್ಲದೆ ಸಾಫ್ಟ್‌ವೇರ್ ಮಾರಿದ ಕಂಪನಿಯೊಂದು, ತನ್ನದನ್ನು ನಮ್ಮಲ್ಲಿ ಯಾರು ಯಾರು ಬಳಸುತ್ತಿದ್ದಾರೆಂದು ತೋರಿಸಿ ಎಂದು ತಪಾಸಣೆಯ ನೋಟೀಸು ಕಳಿಸಿದೆ. ಬಳಸುವವರು ಮುನ್ನೂರು ಜನ. ಕಾಗದದಲ್ಲಿರುವುದು ಒಂದೇ ಹೆಸರು, ಅದೂ ತಾವು ಹೊರಗೆ ಹಾಕಿದವರದು.

10. ನೋಟೀಸು ಕಂಡು ಗಾಬರಿಯಾದ ತಾವು ಸೋಮವಾರ ಆದೇಶ ಹೊರಡಿಸಿದಿರಿ: ಕಂಪನಿ ಬಿಟ್ಟವರ ಎಲ್ಲ ಖಾತೆಗಳನ್ನೂ ಶುಕ್ರವಾರ ಸಂಜೆ ಐದರೊಳಗೆ ಅಳಿಸಬೇಕು, ಯಾವ ವಿನಾಯಿತಿಯೂ ಇಲ್ಲ, ಗೌರಾದೇವಿ ಮಾಡತಕ್ಕದ್ದು. ಅರ್ಜಿದಾರಳು ಆಜ್ಞಾಪಾಲಕಿ. ನೂರಮೂವತ್ತಾರು ಖಾತೆಗಳನ್ನು ನಿನ್ನೆಯೇ ಅಳಿಸಿರುತ್ತಾಳೆ (ಖಾತೆ ಅಳಿಸಿದರೆ ಬಾಡಿಗೆ ನಿಲ್ಲುವುದಿಲ್ಲ, ಅದಕ್ಕೆ ಕರಾರು ರದ್ದಾಗಬೇಕು). ಉಳಿದದ್ದು ಒಂದು. ಅದನ್ನು ಅಳಿಸಿದ ಕ್ಷಣ ನಲವತ್ತೊಂದು ಸಾಫ್ಟ್‌ವೇರುಗಳು ನಿಲ್ಲುತ್ತವೆ. ಸರಕು ಕಳಿಸುವುದು, ಸಂಬಳ ಹಾಕುವುದು, ಐದನೇ ಮಹಡಿಯ ಬಾಗಿಲು ತೆರೆಯುವುದು ಇವೆಲ್ಲ ಅದರಲ್ಲಿವೆ. ಅಳಿಸದಿದ್ದರೂ ಏಪ್ರಿಲ್ ಹನ್ನೊಂದರ ನಂತರ ವೀರಣ್ಣನವರ ಇಲ್ಲಿನ ಫೋನ್ ನಂಬರೇ ಇರುವುದಿಲ್ಲ, ಫಲ ಒಂದೇ.

ಕಾರಣ, ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ,

(ಅ) ಸಾಫ್ಟ್‌ವೇರ್ ಕಾಯುವ ವಿಭಾಗಕ್ಕೆ ಹಣ ಮಂಜೂರು ಮಾಡಿ, ವೀರಣ್ಣನವರನ್ನೇ ಅದರ ಮುಖ್ಯಸ್ಥರನ್ನಾಗಿ ನೇಮಿಸಿ, ಅವರ ವೀಸಾ ಕಾಗದಗಳನ್ನು ಏಪ್ರಿಲ್ ಹನ್ನೊಂದರೊಳಗೆ ಸಲ್ಲಿಸಬೇಕು. ಅವರ ಹೆಸರು ಈಗಾಗಲೇ ಎಲ್ಲೆಡೆ ಇರುವುದರಿಂದ ಬೋರ್ಡು ಬರೆಸುವ ಖರ್ಚಿಲ್ಲ.

(ಆ) ಇದು ಸಾಧ್ಯವಿಲ್ಲವಾದರೆ, ತಮ್ಮ ಆದೇಶ ವೀರಣ್ಣನವರ ಖಾತೆಗೂ ಅನ್ವಯಿಸುತ್ತದೆಂದು ಈ ಅರ್ಜಿಯ ಕೆಳಗೆ ಸಹಿ ಮಾಡಿಕೊಡಬೇಕು. ಅರ್ಜಿದಾರಳು ಶುಕ್ರವಾರ ದೇವರಿಗೆ ಕೈಮುಗಿದು, ಐದಕ್ಕೆ ಸರಿಯಾಗಿ ಅಳಿಸುತ್ತಾಳೆ.

ಎರಡರಲ್ಲಿ ಯಾವುದಾದರೂ ಅರ್ಜಿದಾರಳಿಗೆ ಸಮ್ಮತವೇ. ಇಷ್ಟು ದಿನ ತಾವು ನಡೆಸಿದ ಮೂರನೆಯ ದಾರಿ, ಅಂದರೆ ಮನುಷ್ಯನನ್ನು ಬಿಟ್ಟು ಅವನ ಹೆಸರನ್ನು ದುಡಿಸಿಕೊಳ್ಳುವುದು, ಆಕೆಯ ಕೈಯಿಂದ ಇನ್ನು ಆಗದು. ದೇವರು ತಮಗೆ ಒಳ್ಳೆಯ ಬುದ್ಧಿಯನ್ನು, ಅದಾಗದಿದ್ದಲ್ಲಿ ಒಳ್ಳೆಯ ಪೆನ್ನನ್ನಾದರೂ ಕರುಣಿಸಲಿ.

ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗೌರಾದೇವಿ

ಅಡಕಗಳು:
1. ಶಶಾಂಕ್ ಅವರ ವರದಿ, ನಲವತ್ತು ಪುಟ. ಪ್ರತಿ ಪುಟದ ಕೊನೆಯ ಸಾಲಿಗೆ ಗೆರೆ ಎಳೆದಿದೆ.
2. ವೀರಣ್ಣನವರ ಹೆಸರಿನಲ್ಲಿರುವ ನಲವತ್ತೊಂದು ಸಾಫ್ಟ್‌ವೇರುಗಳ ಪಟ್ಟಿ. ಸಿದ್ಧಪಡಿಸಿದವರು: ವೀರಣ್ಣ (ಈ ಸಲ ನಿಜವಾಗಿ).
3. ಕಾಫಿಪುಡಿ ಬಾಟಲಿ ಒಂದು, ಅದರಲ್ಲಿ ಹುಣಸೆ ಬೀಜ ತೊಂಬತ್ತೇಳು. ಅನುಮಾನವಿದ್ದರೆ ಎಣಿಸಿಕೊಳ್ಳಬಹುದು. ಎಣಿಸಲು ಯಾರನ್ನಾದರೂ ನೇಮಿಸುವುದಾದರೆ ಅರ್ಜಿಯ ಉದ್ದೇಶ ಅರ್ಧ ಈಡೇರಿದಂತೆ.

ಕೊನೆಯದಾಗಿ: ಉಳಿದಿರುವ ಆ ಒಂದು ಖಾತೆಯನ್ನು ಅಳಿಸಲು ಸಹ ಆರು ಅಂಕಿಗಳ ಕೋಡು ಬೇಕು, ಅದು ಕೂಡ ವೀರಣ್ಣನವರ ಫೋನಿಗೇ ಬರುತ್ತದೆ. ಶುಕ್ರವಾರ ರಾಮನವಮಿಯ ಭಜನೆ ನಾಲ್ಕೂವರೆಗೇ ಶುರುವಾಗುವುದರಿಂದ ಅವರು ವುಡಿನ್‌ವಿಲ್ಲಿನಲ್ಲಿ ತಾಳ ಹಿಡಿದು ಕೂತಿರುತ್ತಾರೆ, ಫೋನು ಚಪ್ಪಲಿಯ ಪಕ್ಕ ಬಂದ್ ಆಗಿರುತ್ತದೆ. ಆದ್ದರಿಂದ ತಾವು ಖುದ್ದಾಗಿ ಬಂದು, ದೇವರೆದುರು ನಿಂತು, ತಮಗೆ ಏನು ಬೇಕೆಂದು ಅವರನ್ನು ಬಾಯಿ ಬಿಟ್ಟು ಕೇಳಬೇಕು. ಬರುವಾಗ, ಜನವರಿಯಲ್ಲಿ ತಮ್ಮ ಮನೆಯ ಗೃಹಪ್ರವೇಶಕ್ಕೆಂದು ಒಯ್ದ ಭಜನಾ ಮಂಡಳಿಯ ದೊಡ್ಡ ಕೊಪ್ಪರಿಗೆ ಒಂದು, ಸೌಟು ಎರಡು, ಇವುಗಳನ್ನು ತೊಳೆದು ತರಬೇಕಾಗಿ ವಿನಂತಿ. ಪಾನಕ ಕಲಸಲು ಬೇರೆ ಪಾತ್ರೆಯಿಲ್ಲ.